ಹೆಸರು ಅದೇ, ಖಾತೆ ಬೇರೆ

ಮಾಹಿತಿ ಭದ್ರತೆ ಎಂದ ಕೂಡಲೇ ಪಾಸ್‌ವರ್ಡ್, ಒಟಿಪಿ, ವೈರಸ್ ತಡೆಯುವ ತಂತ್ರಾಂಶಗಳು ನೆನಪಿಗೆ ಬರುತ್ತವೆ. ಇವೆಲ್ಲ ಬಾಗಿಲಿಗೆ ಹಾಕುವ ಚಿಲಕಗಳು. ಚಿಲಕ ತೆಗೆದುಕೊಂಡು ಒಳಗೆ ಬಂದವರನ್ನು ಹಿಡಿಯುವುದು ಬೇರೆಯದೇ ಕೆಲಸ. ಅದಕ್ಕೆ ಬೇಕಾದ ಸಾಮಗ್ರಿ ಸಿಗುವುದು ದಾಖಲೆಗಳಲ್ಲಿ. ಯಾವ ಸಿಬ್ಬಂದಿ ಎಷ್ಟು ಹೊತ್ತಿಗೆ ಯಾವ ಕಂಪ್ಯೂಟರಿನಿಂದ ಲಾಗಿನ್ ಆದರು, ಯಾವ ಕಡತ ತೆರೆದರು, ಎಷ್ಟು ಹಣ ಯಾವ ಖಾತೆಗೆ ಹೋಯಿತು ಎಂಬುದನ್ನೆಲ್ಲ ಸರ್ವರುಗಳು ಸಾಲುಸಾಲಾಗಿ ಬರೆದಿಡುತ್ತಲೇ ಇರುತ್ತವೆ. ಇದಕ್ಕೆ ಲಾಗ್ ಎನ್ನುತ್ತಾರೆ. ಒಂದು ಸಣ್ಣ ಬ್ಯಾಂಕಿನಲ್ಲೂ ದಿನಕ್ಕೆ ಲಕ್ಷಗಟ್ಟಲೆ ಸಾಲು ಸೇರುತ್ತವೆ, ಕುಳಿತು ಓದುತ್ತೇನೆಂದರೆ ಯಾರಿಂದಲೂ ಆಗದು. ಆ ರಾಶಿಯಿಂದ ಅಸಹಜವಾದುದನ್ನು ಲೆಕ್ಕ ಹಾಕಿ ಬೇರ್ಪಡಿಸುವುದು ದತ್ತಾಂಶ ವಿಶ್ಲೇಷಣೆ. ಹಾಗೆ ಸಿಕ್ಕಿದ್ದನ್ನು ಗೆರೆ, ಬಣ್ಣ, ನಕ್ಷೆಗಳಲ್ಲಿ ಇಟ್ಟು ಕಣ್ಣಿಗೆ ಕಾಣಿಸುವುದು ದತ್ತಾಂಶದ ಚಿತ್ರಣ. ಇವೆರಡೂ ಬೆಂಗಳೂರಿನ ದೊಡ್ಡ ಕಂಪನಿಗಳ ಸರಕೆಂಬ ಭಾವನೆ ಇದೆ. ಅದು ತಪ್ಪೆಂದು ತೋರಿಸುವ ಪ್ರಕರಣ ವಿಜಯನಗರ ಜಿಲ್ಲೆಯಲ್ಲೇ ನಡೆದಿದೆ.

ಹೊಸಪೇಟೆಯಲ್ಲಿ ಕೇಂದ್ರ ಕಚೇರಿ ಇರುವ ಬಳ್ಳಾರಿ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕನ್ನು ಈ ಭಾಗದವರು ಬಿಡಿಸಿಸಿ ಬ್ಯಾಂಕ್ ಎಂದೇ ಕರೆಯುತ್ತಾರೆ. ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಯ ರೈತರಿಗೆ ಬೆಳೆಸಾಲದ ಮಟ್ಟಿಗೆ ಅತಿ ಪರಿಚಿತ ಹೆಸರು ಅದು. 2025ರ ಜನವರಿಯಲ್ಲಿ ಈ ಬ್ಯಾಂಕಿನ 2.34 ಕೋಟಿ ರೂಪಾಯಿ ವಂಚಕರ ಪಾಲಾಯಿತು. ಗ್ರಾಹಕರು ಆರ್‌ಟಿಜಿಎಸ್ ಮತ್ತು ನೆಫ್ಟ್ ಮೂಲಕ ಬೇರೆ ಬ್ಯಾಂಕುಗಳಿಗೆ ಕಳಿಸುವ ಹಣ ಐಡಿಬಿಐ ಬ್ಯಾಂಕಿನ ಮೂಲಕ ಸಾಗುತ್ತಿತ್ತು. ಸಹಕಾರ ಬ್ಯಾಂಕುಗಳು ಹೀಗೆ ದೊಡ್ಡ ಬ್ಯಾಂಕೊಂದರ ಆಸರೆಯಲ್ಲಿ ಪಾವತಿ ಜಾಲಕ್ಕೆ ಸೇರುವುದು ಸಾಮಾನ್ಯ. ಪಾವತಿಗಳ ಪಟ್ಟಿ ಎಕ್ಸ್‌ಎಂಎಲ್ ಎಂಬ ನಮೂನೆಯ ಕಡತದಲ್ಲಿ ಹೋಗುತ್ತಿತ್ತು. ವಂಚಕರು ಈ ಕಡತಗಳಲ್ಲಿ ಹಣ ಪಡೆಯುವವರ ಹೆಸರನ್ನು ಹಾಗೇ ಬಿಟ್ಟು, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಸಂಕೇತವನ್ನಷ್ಟೇ ತಿದ್ದಿದ್ದರು. ಹಣ ಉತ್ತರ ಭಾರತದ ರಾಜ್ಯಗಳ 25 ಖಾತೆಗಳಿಗೆ ಹೋಗಿ ಬಿತ್ತು. ಕಳಿಸಿದ ಹಣ ತಲುಪಿಲ್ಲ ಎಂಬ ದೂರುಗಳು ಬಂದಾಗಲೇ ವಿಷಯ ಹೊರಬಿದ್ದದ್ದು. ಆಮೇಲೆ ಹೊಸಪೇಟೆಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು.

ಹೆಸರನ್ನು ಮುಟ್ಟದೆ ಬಿಟ್ಟದ್ದು ವಂಚಕರ ಜಾಣತನ. ಶಾಖೆಯಲ್ಲಿ ಪಟ್ಟಿಯ ಮೇಲೆ ಕಣ್ಣಾಡಿಸುವವರು ನೋಡುವುದು ಹೆಸರು ಮತ್ತು ಮೊತ್ತ. ಹದಿಮೂರು ಹದಿನಾಲ್ಕು ಅಂಕಿಯ ಖಾತೆ ಸಂಖ್ಯೆಯನ್ನು ಒಂದೊಂದಾಗಿ ಓದುವ ತಾಳ್ಮೆ ಯಾರಿಗಿದೆ? ಇತ್ತ ಪಾವತಿ ವ್ಯವಸ್ಥೆ ನೋಡುವುದೇ ಬೇರೆ. ಆಗ ಆರ್‌ಟಿಜಿಎಸ್, ನೆಫ್ಟ್ ಎರಡರಲ್ಲೂ ಹಣ ಜಮೆಯಾಗುತ್ತಿದ್ದುದು ಖಾತೆ ಸಂಖ್ಯೆಯ ಆಧಾರದ ಮೇಲೆ, ಹೆಸರು ತಾಳೆಯಾಗುತ್ತದೆಯೇ ಎಂದು ಯಂತ್ರ ಕೇಳುತ್ತಿರಲಿಲ್ಲ. ಮನುಷ್ಯನ ಕಣ್ಣು ಹೆಸರಿನ ಮೇಲೆ, ಯಂತ್ರದ ಕಣ್ಣು ಸಂಖ್ಯೆಯ ಮೇಲೆ. ಈ ನಡುವಿನ ಸಂದಿಯಲ್ಲಿ ಹಣ ಜಾರಿತು. ಆಕಸ್ಮಿಕವೋ ಏನೋ, ಈ ಸಂದಿಯನ್ನು ಮುಚ್ಚುವ ಸುತ್ತೋಲೆಯನ್ನು ರಿಸರ್ವ್ ಬ್ಯಾಂಕ್ ಹೊರಡಿಸಿದ್ದು ಅದಕ್ಕೆ ಕೆಲವೇ ದಿನಗಳ ಮೊದಲು, 2024ರ ಡಿಸೆಂಬರ್ 30ರಂದು. ಹಣ ಕಳಿಸುವ ಮೊದಲು ಖಾತೆದಾರರ ನಿಜವಾದ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಆರ್‌ಟಿಜಿಎಸ್, ನೆಫ್ಟ್‌ಗಳಲ್ಲೂ ಒದಗಿಸಬೇಕೆಂದು ಅದು ಬ್ಯಾಂಕುಗಳಿಗೆ ಸೂಚಿಸಿತ್ತು. ಯುಪಿಐ ಬಳಸುವವರಿಗೆ ಇದು ಮೊದಲೇ ಅಭ್ಯಾಸವಾಗಿತ್ತು. ಆದರೆ ಹೊಸಪೇಟೆಯಂಥ ಪ್ರಕರಣಕ್ಕೆ ಈ ಸೌಲಭ್ಯವೊಂದೇ ಸಾಲದು. ಗ್ರಾಹಕರು ಸರಿಯಾದ ಖಾತೆಯನ್ನೇ ಬರೆದುಕೊಟ್ಟಿರುತ್ತಾರೆ, ತೆರೆಯ ಮೇಲೆ ಸರಿಯಾದ ಹೆಸರೇ ಕಾಣುತ್ತದೆ, ತಿದ್ದುಪಡಿ ಆಗುವುದು ಆ ನಂತರ. ತಾಳೆ ನೋಡುವ ಕೆಲಸ ಕಡತ ಹೊರಗೆ ಹೋಗುವ ಕೊನೆಯ ಬಾಗಿಲಲ್ಲಿ ನಡೆಯಬೇಕು.

ಅಲ್ಲಿ ಏನನ್ನು ತಾಳೆ ನೋಡಬಹುದು? ಮೊದಲನೆಯದು ತೀರ ಸರಳ. ಶಾಖೆಯಲ್ಲಿ ನಮೂದಾದ ಪಟ್ಟಿ ಒಂದು ಕಡೆ, ಹೊರಗೆ ಹೋದ ಪಟ್ಟಿ ಇನ್ನೊಂದು ಕಡೆ. ಎರಡನ್ನೂ ಪಾವತಿಯ ಕ್ರಮಸಂಖ್ಯೆ ಹಿಡಿದು ಜೋಡಿಸಿದರೆ ಖಾತೆ ಸಂಖ್ಯೆ ಬೇರೆಯಾಗಿರುವ ಸಾಲುಗಳ ಲೆಕ್ಕ ಸೊನ್ನೆ ಬರಬೇಕು. ಒಂದು ಬಂದರೂ ಕಡತವನ್ನು ತಡೆಹಿಡಿಯಬೇಕು. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಡ, ಎಕ್ಸೆಲ್ ಹಾಳೆ ಸಾಕು. ಕಡತಕ್ಕೆ ಡಿಜಿಟಲ್ ಸಹಿ ಇದ್ದರೆ ತಿದ್ದಿದ್ದು ಇನ್ನೂ ಬೇಗ ಗೊತ್ತಾಗುತ್ತದೆ. ಎಕ್ಸ್‌ಎಂಎಲ್ ಎನ್ನುವುದು ಯಾರಾದರೂ ತೆರೆದು ಓದಬಹುದಾದ ಬರೀ ಪಠ್ಯ, ಅದಕ್ಕೆ ಸಹಿಯ ಅಥವಾ ಗೂಢಲಿಪಿಯ ರಕ್ಷಣೆಯನ್ನು ಬೇರೆಯಾಗಿಯೇ ಕೊಡಬೇಕು.

ಎರಡನೆಯದು ಐಎಫ್‌ಎಸ್‌ಸಿ. ಈ ಹನ್ನೊಂದು ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನು ಹೇಳುತ್ತವೆ, ಐದನೆಯದು ಸೊನ್ನೆ, ಉಳಿದ ಆರು ಶಾಖೆಯನ್ನು ಗುರುತಿಸುತ್ತವೆ. ಸಂಕೇತವನ್ನು ನೋಡಿದ ಮಾತ್ರಕ್ಕೆ ಊರು ತಿಳಿಯದು. ಆದರೆ ದೇಶದ ಎಲ್ಲ ಶಾಖೆಗಳ ಐಎಫ್‌ಎಸ್‌ಸಿ ಪಟ್ಟಿಯನ್ನು ವಿಳಾಸ, ಊರು, ರಾಜ್ಯದ ಸಮೇತ ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತದೆ. ಹೊರಹೋಗುವ ಪಾವತಿಗಳಿಗೆ ಈ ಪಟ್ಟಿಯನ್ನು ಜೋಡಿಸಿದರೆ ಪ್ರತಿ ರೂಪಾಯಿಗೂ ಒಂದು ಊರು ಸಿಗುತ್ತದೆ. ಭಾರತದ ನಕ್ಷೆಯ ಮೇಲೆ ಆ ಊರುಗಳಿಗೆ ಚುಕ್ಕೆ ಇಟ್ಟು, ಮೊತ್ತಕ್ಕೆ ತಕ್ಕಂತೆ ಚುಕ್ಕೆಯನ್ನು ದಪ್ಪಗೆ ಮಾಡಿದರೆ ಬ್ಯಾಂಕಿನ ದಿನಚರಿಯೇ ಕಾಣುತ್ತದೆ. ಹಗರಿಬೊಮ್ಮನಹಳ್ಳಿಯ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಕಾಲೇಜು ಶುಲ್ಕ ಕಟ್ಟುವ ಪಾಲಕರು ಕಳಿಸುವ ಹಣ ಬಹುತೇಕ ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿ, ಬೆಂಗಳೂರುಗಳ ಸುತ್ತಲೇ ನಿಲ್ಲುವಂಥದ್ದು. ಅಂಥ ನಕ್ಷೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಉತ್ತರದ ರಾಜ್ಯಗಳಲ್ಲಿ ದಪ್ಪ ಚುಕ್ಕೆಗಳು ಎದ್ದರೆ, ಅದನ್ನು ನೋಡಲು ತಜ್ಞರು ಬೇಕಾಗಿಲ್ಲ. ಟೀ ಕುಡಿಯುತ್ತಾ ತೆರೆಯ ಕಡೆ ನೋಡಿದ ಗುಮಾಸ್ತರೂ ಇದೇನಿದು ಎಂದು ಕೇಳುತ್ತಾರೆ.

ಅದೇ ಮಾಹಿತಿ ಅಂಕಿಗಳ ಪಟ್ಟಿಯಾಗಿದ್ದಾಗ ಯಾಕೆ ಕಣ್ಣಿಗೆ ಬೀಳುವುದಿಲ್ಲ ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪ್ರಸಿದ್ಧ ಉದಾಹರಣೆ ಇದೆ. ಫ್ರಾನ್ಸಿಸ್ ಆನ್‌ಸ್ಕೋಂಬ್ ಎಂಬ ವಿದ್ವಾಂಸರು 1973ರಲ್ಲಿ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಗುಂಪುಗಳನ್ನು ಪ್ರಕಟಿಸಿದರು. ನಾಲ್ಕರದ್ದೂ ಸರಾಸರಿ ಒಂದೇ, ಏರಿಳಿತದ ಅಳತೆ ಹೆಚ್ಚುಕಡಿಮೆ ಒಂದೇ. ಕಾಗದದ ಮೇಲೆ ಬಿಡಿಸಿದರೆ ಒಂದು ಓರೆಗೆರೆಯ ಸುತ್ತ ಹರಡಿಕೊಳ್ಳುತ್ತದೆ, ಒಂದು ಬಿಲ್ಲಿನಂತೆ ಬಾಗುತ್ತದೆ, ಇನ್ನೊಂದರಲ್ಲಿ ಹತ್ತು ಬಿಂದುಗಳು ಸಾಲಾಗಿ ನಿಂತು ಒಂದು ಮಾತ್ರ ದೂರ ಸಿಡಿದಿರುತ್ತದೆ. ಭದ್ರತೆಯವರು ಹುಡುಕುವುದು ಆ ಸಿಡಿದ ಬಿಂದುವನ್ನೇ. ಸರಾಸರಿ ಅದನ್ನು ಮುಚ್ಚಿಹಾಕುತ್ತದೆ.

ನಕ್ಷೆಯ ಹಾಗೆಯೇ ಕೆಲಸಕ್ಕೆ ಬರುವ ಇನ್ನೊಂದು ಚಿತ್ರ ಗಂಟೆ-ವಾರದ ಕೋಷ್ಟಕ. ಅಡ್ಡಕ್ಕೆ ಇಪ್ಪತ್ನಾಲ್ಕು ಗಂಟೆ, ಉದ್ದಕ್ಕೆ ವಾರದ ಏಳು ದಿನ. ಒಟ್ಟು 168 ಮನೆಗಳು. ಪ್ರತಿ ಮನೆಯಲ್ಲಿ ಎಷ್ಟು ಲಾಗಿನ್ ಆಗಿವೆಯೋ ಅಷ್ಟು ಗಾಢ ಬಣ್ಣ. ತಾಲ್ಲೂಕು ಕಚೇರಿಯದ್ದಾದರೆ ಸೋಮವಾರದಿಂದ ಶನಿವಾರದವರೆಗೆ ಹತ್ತರಿಂದ ಐದೂವರೆವರೆಗೆ ಬಣ್ಣ ತುಂಬಿ, ಮಧ್ಯಾಹ್ನ ಊಟದ ಹೊತ್ತಿಗೆ ಸ್ವಲ್ಪ ತೆಳುವಾಗುತ್ತದೆ. ಭಾನುವಾರ ರಾತ್ರಿ ಎರಡು ಗಂಟೆಯ ಮನೆಯಲ್ಲಿ ಬಣ್ಣ ಕಂಡರೆ ಯಾರದ್ದೋ ಪಾಸ್‌ವರ್ಡ್ ಬೇರೆಯವರ ಕೈಲಿದೆ ಎಂದು ಅನುಮಾನಿಸಬೇಕು. ಮೂರನೆಯ ಬಗೆ ಸಂಬಂಧಗಳ ಜಾಲಚಿತ್ರ. ಖಾತೆಗಳೆಲ್ಲ ಬಿಂದುಗಳು, ಹಣ ಹೋದ ದಾರಿಗಳೆಲ್ಲ ಗೆರೆಗಳು. ಹತ್ತಾರು ಖಾತೆಗಳಿಂದ ಒಂದಕ್ಕೆ ಹಣ ಬಂದು, ಕೆಲವೇ ನಿಮಿಷಗಳಲ್ಲಿ ಅಷ್ಟೂ ಚದುರಿ ಹೋಗುತ್ತಿದ್ದರೆ ಅದು ಬಾಡಿಗೆ ಖಾತೆ ಎಂಬ ಗುಮಾನಿ ಬರುತ್ತದೆ. ಬಡವರ, ವಿದ್ಯಾರ್ಥಿಗಳ ಪಾಸ್‌ಬುಕ್ಕನ್ನು ಕೆಲವು ಸಾವಿರ ಕೊಟ್ಟು ಪಡೆದು ನಡೆಸುವ ಇಂಥ ಖಾತೆಗಳಿಲ್ಲದೆ ಸೈಬರ್ ವಂಚನೆಯೇ ನಡೆಯಲಾರದು. ಇವನ್ನು ಪತ್ತೆ ಹಚ್ಚಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ 'ಮ್ಯೂಲ್ ಹಂಟರ್' ಎಂಬ ತಂತ್ರಾಂಶವನ್ನು ರೂಪಿಸಿದೆ. ರಿಸರ್ವ್ ಬ್ಯಾಂಕ್ ಅದನ್ನು ಪ್ರಕಟಿಸಿದ್ದು 2024ರ ಡಿಸೆಂಬರ್‌ನಲ್ಲಿ.

ಈ ವಿದ್ಯೆಗೆ ನಾಲ್ಕು ದಶಕಗಳ ವಯಸ್ಸಾಗಿದೆ. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಬಂತು. ಆಗ ಕಂಪ್ಯೂಟರ್ ಬಳಕೆಗೆ ಗಂಟೆ ಲೆಕ್ಕದಲ್ಲಿ ಶುಲ್ಕವಿತ್ತು, ಯಾರೋ ಶುಲ್ಕ ಕೊಡದೆ ಕೆಲವು ಕ್ಷಣ ಬಳಸಿದ್ದರು. ಖಗೋಳ ವಿಜ್ಞಾನಿಯಾಗಿದ್ದ ಕ್ಲಿಫರ್ಡ್ ಸ್ಟೋಲ್ ಅದನ್ನು ಚಿಲ್ಲರೆ ವಿಷಯವೆಂದು ಬಿಡಲಿಲ್ಲ. ಫೋನ್ ಸಾಲುಗಳಿಗೆ ಪ್ರಿಂಟರುಗಳನ್ನು ಜೋಡಿಸಿ ನುಸುಳುಕೋರ ಒತ್ತಿದ ಪ್ರತಿ ಕೀಲಿಯನ್ನೂ ಕಾಗದಕ್ಕಿಳಿಸಿದರು. ಆತ ಬರುವ ಹೊತ್ತನ್ನು ಗುರುತು ಹಾಕಿಕೊಂಡರು, ಉತ್ತರ ಮರಳಲು ತಗಲುವ ವಿಳಂಬದಿಂದ ದೂರವನ್ನು ಅಂದಾಜು ಮಾಡಿದರು. ಎರಡೂ ಆತ ಅಮೆರಿಕದ ಆಚೆಯವನೆಂದು ಸೂಚಿಸಿದವು. ಕೊನೆಗೆ ಸಿಕ್ಕಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ ಕುಳಿತು ಅಮೆರಿಕದ ಸೇನಾ ಕಂಪ್ಯೂಟರುಗಳನ್ನು ಜಾಲಾಡಿ ಸೋವಿಯತ್ ಗೂಢಚಾರರಿಗೆ ಮಾರುತ್ತಿದ್ದ ತಂಡದ ವ್ಯಕ್ತಿ.

ನೋಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಪ್ರಕರಣ ಸಾಕ್ಷಿ. 2018ರ ಆಗಸ್ಟ್ 11ರ ಶನಿವಾರ ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಸುಮಾರು 12 ಸಾವಿರ ಬಾರಿ ಹಣ ತೆಗೆಯಲಾಯಿತು. ಸೋಮವಾರ ಹಾಂಕಾಂಗಿಗೆ ಇನ್ನೊಂದು ದೊಡ್ಡ ಮೊತ್ತ ಹೋಯಿತು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ. ವಂಚಕರು ಎಟಿಎಂ ಮತ್ತು ಬ್ಯಾಂಕಿನ ಮುಖ್ಯ ಕಂಪ್ಯೂಟರಿನ ನಡುವೆ ತಮ್ಮದೇ ನಕಲಿ ಸ್ವಿಚ್ ಕೂರಿಸಿದ್ದರಿಂದ ಖಾತೆಯಲ್ಲಿ ಹಣವಿದೆಯೇ ಎಂಬ ಪ್ರಶ್ನೆ ಬ್ಯಾಂಕಿಗೆ ತಲುಪುತ್ತಲೇ ಇರಲಿಲ್ಲ, ನಕಲಿ ಸ್ವಿಚ್ಚೇ ಹೂಂ ಎಂದು ಉತ್ತರಿಸುತ್ತಿತ್ತು. ಪುಣೆಯ ಗ್ರಾಹಕರ ಕಾರ್ಡುಗಳು ಒಂದೇ ಮಧ್ಯಾಹ್ನ 28 ದೇಶಗಳಲ್ಲಿ ಕಾಣಿಸಿಕೊಳ್ಳುವುದು ಯಾವ ನಕ್ಷೆಯಲ್ಲೂ ಮರೆಯಾಗುವ ಸಂಗತಿಯಲ್ಲ.

ಕರ್ನಾಟಕ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಯಲ್ಲಿ 2019ರಲ್ಲಿ ನಡೆದದ್ದಂತೂ ಹೊಸಪೇಟೆಯ ಪ್ರಕರಣದ ಹಿರಿಯಣ್ಣನಂತಿದೆ. ಗುತ್ತಿಗೆದಾರರಿಗೆ ಹಿಂದಿರುಗಬೇಕಿದ್ದ ಟೆಂಡರ್ ಠೇವಣಿಯಲ್ಲಿ 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿಯಿತು. ತನಿಖೆಯನ್ನು ಸಿಐಡಿಗೆ ವಹಿಸಲಾಯಿತು. ಅಲ್ಲೂ ಮೊತ್ತಗಳು ಸಂಶಯ ಹುಟ್ಟಿಸುವಂತಿರಲಿಲ್ಲ, ತಲುಪಿದ ಜಾಗ ಮಾತ್ರ ಬೇರೆ.

2023ರಲ್ಲಿ ಬೆಂಗಳೂರಿನಲ್ಲಿ ಹೊರಬಂದ ಆಧಾರ್ ಆಧಾರಿತ ಪಾವತಿ ವಂಚನೆಯ ಕತೆ ಇನ್ನೂ ಸ್ವಾರಸ್ಯದ್ದು. ಒಟಿಪಿ ಹೇಳದಿದ್ದವರ, ಲಿಂಕ್ ಒತ್ತದಿದ್ದವರ ಖಾತೆಗಳಿಂದಲೂ ಹತ್ತು ಸಾವಿರ ರೂಪಾಯಿಯಷ್ಟು ಮೊತ್ತ ಹೋಗುತ್ತಿತ್ತು. ಒಂದೊಂದು ದೂರನ್ನೂ ಬಿಡಿಯಾಗಿ ನೋಡಿದರೆ ಕಾರಣ ತಿಳಿಯುವಂತಿಲ್ಲ. ಹಣ ಕಳೆದುಕೊಂಡವರನ್ನು ಒಟ್ಟಿಗೆ ಇಟ್ಟು ಅವರೆಲ್ಲರಿಗೂ ಸಮಾನವಾದದ್ದೇನು ಎಂದು ಕೇಳಿದಾಗ ದಾರಿ ಸಿಕ್ಕಿತು: ಹಲವರು ಇತ್ತೀಚೆಗೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ಸಿಗುತ್ತಿದ್ದ ಕ್ರಯಪತ್ರದ ಪ್ರತಿಯಲ್ಲಿ ಹೆಬ್ಬೆಟ್ಟಿನ ಗುರುತು ಮತ್ತು ಆಧಾರ್ ವಿವರ ಎರಡೂ ಇರುತ್ತಿದ್ದವು. ಗುರುತನ್ನು ಅಲ್ಲಿಂದ ನಕಲು ಮಾಡಿ ಹಣ ತೆಗೆಯಲಾಗುತ್ತಿತ್ತು. ಆ ಬಳಿಕ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಚುವ ಕ್ರಮಕ್ಕೆ ಇಲಾಖೆ ಮುಂದಾಯಿತು. ಲಂಡನ್ನಿನ ವೈದ್ಯ ಜಾನ್ ಸ್ನೋ 1854ರಲ್ಲಿ ಕಾಲರಾದಿಂದ ಸತ್ತವರ ಮನೆಗಳನ್ನು ನಕ್ಷೆಯಲ್ಲಿ ಗುರುತಿಸಿ ಒಂದು ನೀರಿನ ಪಂಪಿನತ್ತ ಬೆರಳು ತೋರಿದ ವಿಧಾನವೂ ಇದೇ.

ಪೊಲೀಸರು ಈಗ ನಕ್ಷೆಯನ್ನು ನೇರವಾಗಿಯೇ ಬಳಸುತ್ತಿದ್ದಾರೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರದ 'ಪ್ರತಿಬಿಂಬ' ತಂತ್ರಾಂಶವು ವಂಚನೆಗೆ ಬಳಕೆಯಾದ ಮೊಬೈಲ್ ಸಂಖ್ಯೆಗಳು ಎಲ್ಲೆಲ್ಲಿ ಚಾಲ್ತಿಯಲ್ಲಿವೆ ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ಸಹಾಯವಾಣಿ 1930ಕ್ಕೆ ಬರುವ ಪ್ರತಿ ದೂರೂ ಇಂಥ ವಿಶ್ಲೇಷಣೆಗೆ ಒಂದು ಸಾಲನ್ನು ಸೇರಿಸುತ್ತದೆ. ಬೇಗ ಕರೆ ಮಾಡಿದರೆ ಹಣ ಇನ್ನೂ ಬಾಡಿಗೆ ಖಾತೆಯಲ್ಲಿರುವಾಗಲೇ ತಡೆಹಿಡಿಯಲು ಅವಕಾಶವಿರುತ್ತದೆ.

ಇಷ್ಟೆಲ್ಲ ಇದ್ದರೂ ವಂಚನೆಗಳು ಯಾಕೆ ತಪ್ಪಿಸಿಕೊಳ್ಳುತ್ತವೆ? ಮುಖ್ಯ ಅಡ್ಡಿ ಸುಳ್ಳು ಎಚ್ಚರಿಕೆಗಳದ್ದು. ಹತ್ತು ಲಕ್ಷ ಪಾವತಿಗಳಲ್ಲಿ ಹತ್ತು ವಂಚನೆಗಳಿವೆ ಎಂದುಕೊಳ್ಳೋಣ. ನೂರಕ್ಕೆ ತೊಂಬತ್ತೊಂಬತ್ತು ಬಾರಿ ಸರಿಯಾಗಿ ಹೇಳುವ ತಂತ್ರಾಂಶವೊಂದಿದೆ. ಅದು ಹತ್ತೂ ವಂಚನೆಗಳನ್ನು ಹಿಡಿಯಬಹುದು, ಜೊತೆಗೆ ಪ್ರಾಮಾಣಿಕರ ಸುಮಾರು ಹತ್ತು ಸಾವಿರ ಪಾವತಿಗಳ ಮೇಲೂ ಕೆಂಪು ದೀಪ ಹಚ್ಚುತ್ತದೆ. ಸಾವಿರ ಎಚ್ಚರಿಕೆಗೆ ಒಂದು ನಿಜ. ವಾರದೊಳಗೆ ಸಿಬ್ಬಂದಿ ಅದನ್ನು ನೋಡುವುದನ್ನೇ ಬಿಡುತ್ತಾರೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 2013ರಲ್ಲಿ ನಾಲ್ಕು ಕೋಟಿ ಗ್ರಾಹಕರ ಕಾರ್ಡ್ ವಿವರ ಕಳುವಾದಾಗ ತಂತ್ರಾಂಶ ಎಚ್ಚರಿಸಿತ್ತು, ಆ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಸುಳ್ಳು ಎಚ್ಚರಿಕೆ ಕಡಿಮೆಯಾಗಬೇಕಾದರೆ ಆಯಾ ಊರಿನ ಸಹಜ ಸ್ಥಿತಿ ಏನೆಂದು ಗೊತ್ತಿರಬೇಕು. ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಭಾಗದಲ್ಲಿ ಮೆಕ್ಕೆಜೋಳ ಮಾರುವ ಕಾಲಕ್ಕೆ ವರ್ಷವಿಡೀ ಸಾವಿರ, ಎರಡು ಸಾವಿರ ಓಡಾಡಿದ ಖಾತೆಗೆ ಒಮ್ಮೆಲೇ ಎರಡು ಲಕ್ಷ ಬಂದು, ಮರುದಿನವೇ ಗೊಬ್ಬರದ ಬಾಕಿ, ಕೈಗಡ, ಸೊಸೈಟಿ ಸಾಲಕ್ಕೆ ಚದುರಿ ಹೋಗುತ್ತದೆ. ದೂರದ ನಗರದ ಲೆಕ್ಕದಲ್ಲಿ ಇದು ಥೇಟ್ ಬಾಡಿಗೆ ಖಾತೆಯ ನಡೆ! ಕೂಡ್ಲಿಗಿ, ಹಡಗಲಿ ತಾಂಡಾಗಳಿಂದ ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿಗೆ ಗುಳೆ ಹೋದವರು ಅಲ್ಲೇ ಎಟಿಎಂ ಬಳಸುತ್ತಾರೆ. ಒಂದೇ ಊರಿನ ಐವತ್ತು ಕಾರ್ಡುಗಳು ಮುನ್ನೂರು ಕಿಲೋಮೀಟರ್ ಆಚೆ ಒಂದೇ ಯಂತ್ರದಲ್ಲಿ ಕಂಡರೆ ಕಾರ್ಡ್ ನಕಲಾಗಿದೆ ಎಂದು ತಂತ್ರಾಂಶ ಕೂಗಬಹುದು. ಕೊಟ್ಟೂರಿನ ತೇರಿನ ವಾರದಲ್ಲಿ ಆ ಊರಿನ ಅಂಗಡಿಗಳ ಕ್ಯೂಆರ್ ಸಂಕೇತಗಳಿಗೆ ಹೊರಜಿಲ್ಲೆಗಳಿಂದ ಹಣ ಸುರಿಯುವುದೂ ಹೀಗೆಯೇ. ಸುಗ್ಗಿ, ಗುಳೆ, ಜಾತ್ರೆಗಳ ಲೆಕ್ಕ ಹಿಡಿಯದ ತಂತ್ರಾಂಶ ರೈತನ ಖಾತೆಯನ್ನು ಸ್ಥಗಿತಗೊಳಿಸಿ ಕೂರುತ್ತದೆ, ನಿಜವಾದ ಕಳ್ಳ ಆ ಗದ್ದಲದಲ್ಲಿ ನುಸುಳುತ್ತಾನೆ. ಆದ್ದರಿಂದ ಈ ತಿಂಗಳನ್ನು ಕಳೆದ ತಿಂಗಳ ಜೊತೆ ಹೋಲಿಸುವುದಕ್ಕಿಂತ ಕಳೆದ ವರ್ಷದ ಇದೇ ತಿಂಗಳ ಜೊತೆ ಹೋಲಿಸುವುದು ಈ ಸೀಮೆಗೆ ಒಗ್ಗುವ ಕ್ರಮ.

ಚಿತ್ರಗಳೂ ದಾರಿ ತಪ್ಪಿಸಬಲ್ಲವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ ಕರ್ನಾಟಕದಲ್ಲಿ 2022ರಲ್ಲಿ 12,556 ಸೈಬರ್ ಅಪರಾಧ ಪ್ರಕರಣಗಳು ದಾಖಲಾದವು, 2023ರಲ್ಲಿ 21,889. ಇದನ್ನು ಗೆರೆಯಾಗಿ ಎಳೆದರೆ ಭಯ ಹುಟ್ಟುತ್ತದೆ. ಆದರೆ ಎಣಿಸಿದ್ದು ದಾಖಲಾದ ದೂರುಗಳನ್ನು. ಜನ ದೂರು ಕೊಡಲು ಮುಂದೆ ಬಂದರೂ, ಠಾಣೆಯವರು ತಕರಾರಿಲ್ಲದೆ ಬರೆದುಕೊಂಡರೂ ಗೆರೆ ಏರುತ್ತದೆ. ದೂರೇ ಬರದ ತಾಲ್ಲೂಕು ನಕ್ಷೆಯಲ್ಲಿ ಬೆಳ್ಳಗೆ ಕಾಣುತ್ತದೆ, ಅಲ್ಲಿ ವಂಚನೆಯಿಲ್ಲ ಎಂದು ಅದರ ಅರ್ಥವಲ್ಲ.

ವಿಶ್ಲೇಷಣೆಗೆ ಮೂಲವಾದ ಲಾಗ್‌ಗಳನ್ನು ಕಾಪಾಡುವುದು ಉಳಿದೆಲ್ಲಕ್ಕಿಂತ ಮೊದಲ ಕೆಲಸ. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು, ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲ ಕಂಪ್ಯೂಟರುಗಳ ಗಡಿಯಾರಗಳೂ ಒಂದೇ ಅಧಿಕೃತ ಸಮಯಕ್ಕೆ ಹೊಂದಿಕೊಂಡಿರಬೇಕು ಎಂಬ ಷರತ್ತೂ ಅದರಲ್ಲಿದೆ. ಇದು ಕ್ಷುಲ್ಲಕವೆಂದು ತೋರಬಹುದು. ಶಾಖೆಯ ಕಂಪ್ಯೂಟರ್ ಏಳು ನಿಮಿಷ ಹಿಂದಿದ್ದು ಕೇಂದ್ರ ಕಚೇರಿಯದು ಸರಿಯಿದ್ದರೆ, ಕಡತ ಮೊದಲು ತಯಾರಾಯಿತೋ ಮೊದಲು ತಿದ್ದಲಾಯಿತೋ ಎಂದೇ ಹೇಳಲಾಗದು. ಒಳಗೆ ನುಸುಳಿದವರು ಹೊರಡುವ ಮುನ್ನ ಲಾಗ್ ಅಳಿಸಿ ಹೋಗುವುದು ರೂಢಿಯಾದ್ದರಿಂದ, ಬರೆದಾದ ಸಾಲು ಆ ಕ್ಷಣವೇ ಬೇರೊಂದು ಯಂತ್ರಕ್ಕೆ ಹೋಗಿ, ಅಲ್ಲಿ ಸೇರಿಸಲು ಮಾತ್ರ ಸಾಧ್ಯವಿದ್ದು ತಿದ್ದಲು ಬರದಂತೆ ಇರಬೇಕು. ಆ ಯಂತ್ರದ ಪಾಸ್‌ವರ್ಡ್ ಪಾವತಿ ವಿಭಾಗದವರ ಕೈಲಿ ಇರಬಾರದು.